ತೊಗರಿ ತುಟ್ಟಿಯಾದಾಗ ಏಳುವ ಸರ್ಕಾರ, ಅಗ್ಗವಾದಾಗ ಎಲ್ಲಿರುತ್ತದೆ?

2015ರ ಅಕ್ಟೋಬರ್‌ನಲ್ಲಿ ದೇಶದ ಹಲವು ನಗರಗಳಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತ್ತು. ಬೇಳೆ ಕಡಿಮೆ ಮಾಡಿ ತಿಳಿಸಾರಿಗೆ ಇಳಿದ ಮನೆಗಳು ಎಷ್ಟೋ. ಆಗ ಸರ್ಕಾರಗಳು ಓಡಾಡಿದ ವೇಗವನ್ನು ನೆನಪಿಟ್ಟುಕೊಳ್ಳಬೇಕು. ದೆಹಲಿಯಲ್ಲಿ ಮೇಲಿಂದ ಮೇಲೆ ಸಚಿವರ ಸಭೆಗಳು ನಡೆದವು. ಆಮದುದಾರರಿಗೂ ದೊಡ್ಡ ದೊಡ್ಡ ಅಂಗಡಿಗಳಿಗೂ ದಾಸ್ತಾನು ಮಿತಿ ಬಂತು. ರಾಜ್ಯಗಳಲ್ಲಿ ಗೋದಾಮುಗಳ ಮೇಲೆ ದಾಳಿ ನಡೆದು ಸಾವಿರಾರು ಟನ್ ಬೇಳೆಕಾಳು ವಶವಾಯಿತು. ಸರ್ಕಾರವೇ ಮುಂದೆ ನಿಂತು ಹೊರದೇಶದಿಂದ ತೊಗರಿ ತರಿಸಿತು. ಇದೆಲ್ಲ ಕೆಲವೇ ವಾರಗಳಲ್ಲಿ ಆಯಿತು. ಕೊಂಡು ತಿನ್ನುವವರ ಸಂಕಟಕ್ಕೆ ಹಾಗೆ ಓಗೊಟ್ಟದ್ದು ಸರಿಯೇ. ಅದರ ಬಗ್ಗೆ ನನಗೆ ತಕರಾರಿಲ್ಲ.

ಆ ಬೆಲೆಯ ಸುದ್ದಿ ಹೊಲಕ್ಕೂ ಮುಟ್ಟಿತು. ಮರುವರ್ಷ 2016, ವಿಶ್ವಸಂಸ್ಥೆ ಸಾರಿದ್ದ ಅಂತರರಾಷ್ಟ್ರೀಯ ದ್ವಿದಳ ಧಾನ್ಯ ವರ್ಷ. ಬೇಳೆಕಾಳು ಬೆಳೆಯಿರಿ ಎಂದು ರೈತರನ್ನು ಕೇಳಿಕೊಂಡದ್ದೂ ಆಯಿತು, ಬೋನಸ್ ಸೇರಿ ಕ್ವಿಂಟಲಿಗೆ 5,050 ರೂಪಾಯಿ ಬೆಂಬಲ ಬೆಲೆ ಸಾರಿದ್ದೂ ಆಯಿತು. ಮಳೆ ಕೈಹಿಡಿಯಿತು. ರೈತರು ಬೆಳೆದರು. 2015–16ರಲ್ಲಿ ಸುಮಾರು 25.6 ಲಕ್ಷ ಟನ್ ಇದ್ದ ದೇಶದ ತೊಗರಿ ಉತ್ಪಾದನೆ 2016–17ರಲ್ಲಿ 48.7 ಲಕ್ಷ ಟನ್ ಆಯಿತು. ಒಂದೇ ಹಂಗಾಮಿನಲ್ಲಿ ಹತ್ತಿರಹತ್ತಿರ ಎರಡು ಪಟ್ಟು. ಕಾರ್ಖಾನೆಗೆ ಇಷ್ಟು ಹೆಚ್ಚಿಸಿ ಎಂದರೆ ಎಷ್ಟು ವರ್ಷ ಕೇಳುತ್ತಿತ್ತೋ, ಎಷ್ಟು ರಿಯಾಯಿತಿ ಬೇಡುತ್ತಿತ್ತೋ. ನಮ್ಮ ಒಣಬೇಸಾಯದ ರೈತರು ಮಳೆಯನ್ನು ನಂಬಿ ಮಾಡಿ ತೋರಿಸಿದರು.

ಅವರಿಗೆ ಸಿಕ್ಕಿದ್ದೇನು? 2017ರ ಜನವರಿಯ ಹೊತ್ತಿಗೆ ರಾಶಿ ಮುಗಿದು ಮಾಲು ಮಾರುಕಟ್ಟೆಗೆ ಬರುವಾಗ ಧಾರಣೆ ಬೆಂಬಲ ಬೆಲೆಗಿಂತ ಕೆಳಗೆ ಬಿದ್ದಿತ್ತು. ಹೊರದೇಶದ ತೊಗರಿ ಸುಂಕವಿಲ್ಲದೆ ಬಂದರುಗಳಲ್ಲಿ ಇಳಿಯುತ್ತಲೇ ಇತ್ತು. ನಮ್ಮದನ್ನು ಹೊರಗೆ ಕಳಿಸೋಣವೆಂದರೆ 2006ರಿಂದ ರಫ್ತಿಗೆ ನಿಷೇಧ. ಖರೀದಿ ಕೇಂದ್ರಗಳ ಮುಂದೆ ಚಕ್ಕಡಿ, ಟ್ರ್ಯಾಕ್ಟರ್‌ಗಳ ಸಾಲು ಬೆಳೆಯಿತು. ಗೋಣಿಚೀಲ ಮುಗಿದಿದೆ ಎಂದು ತೂಕ ನಿಂತ ದಿನಗಳೂ ಇದ್ದವು. ಆಮದಿನ ಮೇಲೆ ಶೇ 10ರಷ್ಟು ಸುಂಕ ಬಿದ್ದದ್ದು ಮಾರ್ಚ್ ಕೊನೆಯ ವಾರ. ಆಮದಿಗೆ ಮಿತಿ ಹಾಕಿದ್ದು ಆಗಸ್ಟ್‌ನಲ್ಲಿ. ರಫ್ತಿನ ಬಾಗಿಲು ತೆರೆದದ್ದು ಸೆಪ್ಟೆಂಬರ್‌ನಲ್ಲಿ. ಅಷ್ಟರೊಳಗೆ ಸಣ್ಣ ರೈತರು ಸಿಕ್ಕಿದ ಬೆಲೆಗೆ ಮಾರಿ, ಮುಂದಿನ ಬಿತ್ತನೆಯನ್ನೂ ಮುಗಿಸಿಯಾಗಿತ್ತು.

ಬೇಳೆ ತುಟ್ಟಿಯಾದರೆ ವಾರಗಳಲ್ಲಿ ಕ್ರಮ, ಅಗ್ಗವಾದರೆ ಕ್ರಮಗಳೆಲ್ಲ ಮುಗಿಯಲು ಎಂಟು ಒಂಬತ್ತು ತಿಂಗಳು. ಈ ಸಮಾಜದಲ್ಲಿ ರೈತನ ಬೆಲೆ ಎಷ್ಟು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಈ ಅಂತರವನ್ನು. ಡಿಸೆಂಬರ್ 23ರ ರೈತ ದಿನಾಚರಣೆಯ ಭಾಷಣ, ಶಾಲು, ಹಾರಗಳಿಂದ ಅದನ್ನು ಅಳೆಯಲಾಗದು.

ತೊಗರಿಯ ಮಾತು ಬಂದರೆ ಕಲಬುರಗಿಗೆ ಹೋಗಲೇಬೇಕು. ದೇಶದಲ್ಲಿ ತೊಗರಿ ಹೆಚ್ಚು ಬೆಳೆಯುವ ರಾಜ್ಯಗಳ ಮೊದಲ ಸಾಲಿನಲ್ಲಿ ಕರ್ನಾಟಕವಿದೆ. ರಾಜ್ಯದ ತೊಗರಿ ಕಣಜ ಎಂಬ ಹೆಸರು ಕಲಬುರಗಿಯದು. ಆ ಒಂದು ಜಿಲ್ಲೆಯಲ್ಲೇ ಐದು ಲಕ್ಷ ಹೆಕ್ಟೇರಿಗೂ ಮಿಕ್ಕಿ ತೊಗರಿ ಬಿತ್ತುತ್ತಾರೆ. ಆಳಂದ, ಅಫಜಲಪುರ, ಜೇವರ್ಗಿ, ಚಿತ್ತಾಪುರ, ಸೇಡಂ, ಚಿಂಚೋಳಿ, ಎಲ್ಲಿ ಹೋದರೂ ಎರೆ ಭೂಮಿಯಲ್ಲಿ ಇದೇ ಬೆಳೆ. ಕೆಳಗೆ ಸುಣ್ಣಕಲ್ಲು ಹಾಸಿದ, ಸುಣ್ಣ ಪೊಟ್ಯಾಷ್ ಹೇರಳವಾಗಿರುವ ಮಣ್ಣು. ಇಲ್ಲಿಯ ಬೇಳೆ ಬೇಗ ಬೇಯುತ್ತದೆ, ರುಚಿ ಹೆಚ್ಚು ಎಂಬ ಮಾತಿಗೆ ಅದೇ ಕಾರಣ. 2019ರಲ್ಲಿ ಈ ಬೇಳೆಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತು. ಬೆಂಗಳೂರಿನ ಹೋಟೆಲ್ ಸಾಂಬಾರಿಗೂ ಹಳೇ ಮೈಸೂರಿನ ಬಸ್ಸಾರಿಗೂ ಬಿಸಿಬೇಳೆ ಬಾತಿಗೂ ಈ ನೆಲದ ಬೇಳೆ ಸೇರುತ್ತದೆ. ಉಣ್ಣುವವರಲ್ಲಿ ಎಷ್ಟು ಜನ ಆ ಹೊಲಗಳನ್ನು ಕಂಡಿದ್ದಾರೆ?

ಈ ಬೆಳೆ ಅವಸರದ್ದಲ್ಲ. ಮಿರಗದ ಮಳೆ ಬಿದ್ದ ಮೇಲೆ ಬಿತ್ತಿದರೆ ಐದು–ಆರು ತಿಂಗಳು ಹೊಲದಲ್ಲಿ ನಿಲ್ಲುತ್ತದೆ. ಎಡೆ ಹೊಡೆಯಬೇಕು, ಕಳೆ ಕೀಳಬೇಕು. ಬಿತ್ತಿದ ಒಂದೂವರೆ ತಿಂಗಳ ಸುಮಾರಿಗೆ ಗಿಡದ ಕುಡಿ ಚಿವುಟಬೇಕು. ಹಾಗೆ ಮಾಡಿದರೆ ಪಕ್ಕದ ಟೊಂಗೆಗಳು ಹೆಚ್ಚಿ ಕಾಯಿ ಜಾಸ್ತಿ ಹಿಡಿಯುತ್ತದೆ. ಕೈಯಿಂದ ಚಿವುಟುವ ಈ ಕೆಲಸ ಬಹುಪಾಲು ಹೆಂಗಸರದು, ಈಗೀಗ ಬ್ಯಾಟರಿಯ ಯಂತ್ರವೂ ಬಂದಿದೆ. ಅಕ್ಟೋಬರ್, ನವೆಂಬರ್‌ನಲ್ಲಿ ಹೊಲವೆಲ್ಲ ಹಳದಿ ಹೂವು. ನೋಡುವವರಿಗೆ ಚೆಂದ, ಒಕ್ಕಲಿಗನಿಗೆ ಅದೇ ದಿಗಿಲಿನ ಕಾಲ. ದಟ್ಟ ಮಂಜು ಬಿದ್ದರೆ ಹೂವು ಉದುರುತ್ತದೆ. ನಾಲ್ಕು ದಿನ ಮೋಡ ಮುಸುಕಿದರೆ ಕಾಯಿಕೊರಕ ಹುಳು ಮುತ್ತುತ್ತದೆ. ಒಂದು ಸಲ ಔಷಧಿ ಹೊಡೆದರೆ ಸಾಲದು. ಒಂದೊಂದು ಸಿಂಪರಣೆಗೂ ಸಾಲದ ಲೆಕ್ಕದಲ್ಲಿ ಒಂದೊಂದು ಸಾಲು ಸೇರುತ್ತದೆ.

1990ರ ದಶಕದ ಕೊನೆಯಲ್ಲಿ ಈ ಹುಳು ಔಷಧಿಗೆ ಜಗ್ಗದಂತಾಗಿತ್ತು. ಆಗ ಕಲಬುರಗಿಯ ರೈತರು ಹಳೆಯ ಉಪಾಯವೊಂದಕ್ಕೆ ಮರಳಿದರು. ಗಿಡದ ಬುಡಕ್ಕೆ ಚಾದರ ಹಿಡಿದು ಗಿಡವನ್ನು ಮೆಲ್ಲಗೆ ಅಲುಗಿಸಿ, ಉದುರಿದ ಹುಳುಗಳನ್ನು ಒಟ್ಟುಮಾಡಿ ನಾಶ ಮಾಡುವುದು. ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು ಇದನ್ನು ದಾಖಲಿಸಿದರು. ರೈತನ ಮೌಲ್ಯದ ಬಗ್ಗೆ ಮಾತಾಡುವಾಗ ನಾವು ದುಡಿಮೆಯನ್ನೇ ಹೊಗಳುತ್ತೇವೆ, ತಿಳಿವಳಿಕೆಯನ್ನು ಮರೆಯುತ್ತೇವೆ. ಯಾವ ಮಣ್ಣಿಗೆ ಯಾವ ಬೀಜ, ಯಾವ ಮಳೆಗೆ ಬಿತ್ತಿಗೆ, ಹೆಸರು ಉದ್ದಿನ ಜೊತೆ ತೊಗರಿಯ ಸಾಲು ಎಷ್ಟು ಎಂಬ ಲೆಕ್ಕ ಹೊಲದಲ್ಲೇ ಬೆಳೆದ ವಿದ್ಯೆ. ಈ ತಲೆಮಾರು ಹೊಲ ಬಿಟ್ಟರೆ ಅದನ್ನು ಮತ್ತೆ ಕಲಿಸುವ ಶಾಲೆ ಎಲ್ಲೂ ಇಲ್ಲ.

ತೊಗರಿ ಬೆಳೆಯುವವರು ನಮಗೆ ಕೊಡುವುದು ಬೇಳೆ ಮಾತ್ರ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ತೊಗರಿಯ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುತ್ತವೆ. ಉದುರಿದ ಎಲೆ ಗೊಬ್ಬರವಾಗುತ್ತದೆ. ಬೇರು ಆಳಕ್ಕೆ ಇಳಿಯುವುದರಿಂದ ಮಳೆ ಹಿಂದೆಗೆದ ಮೇಲೂ ಗಿಡ ತಡೆದುಕೊಳ್ಳುತ್ತದೆ. ಕಾಲುವೆಯ ನೀರಾಗಲಿ, ಬೋರ್‌ವೆಲ್ಲಿಗೆ ಉಚಿತ ವಿದ್ಯುತ್ತಾಗಲಿ ಬಹುಪಾಲು ಬೇಕಿಲ್ಲ. ಕೊಯ್ಲಾದ ಮೇಲೆ ತೊಗರಿ ಕಟ್ಟಿಗೆ ಒಲೆಗೆ, ಹೊಟ್ಟು ದನಗಳಿಗೆ. ಮಾಂಸ, ಹಾಲು ದಿನವೂ ಕೊಳ್ಳಲಾಗದ ಮನೆಗೆ ಪ್ರೋಟೀನು ಕೊಡುವುದು ಬೇಳೆಯೇ. ಭತ್ತ, ಕಬ್ಬಿನ ರೈತನಿಗೆ ಸರ್ಕಾರ ನೀರು, ವಿದ್ಯುತ್ತು, ಗೊಬ್ಬರದ ಮೂಲಕ ಎಷ್ಟೋ ನೆರವು ಕೊಡುತ್ತದೆ. ಅವರಿಗೂ ಅದು ಬೇಕು, ಬೇಡವೆನ್ನುವುದಿಲ್ಲ. ಆದರೆ ನೀರು ಕೇಳದೆ, ಯೂರಿಯಾ ಹೆಚ್ಚು ಕೇಳದೆ, ಭೂಮಿಯನ್ನು ಫಲವತ್ತಾಗಿಸಿ ಬಿಟ್ಟುಕೊಡುವ ಒಣಬೇಸಾಯದವನಿಗೆ ಆ ಲೆಕ್ಕದಲ್ಲಿ ಪಾಲೇ ಇಲ್ಲ. ಅವನು ಕೇಳುವುದು ಮಾಲಿಗೆ ನ್ಯಾಯವಾದ ಧಾರಣೆ. ಅದನ್ನೇ ನಾವು ಕೊಡುತ್ತಿಲ್ಲ.

ಬೆಳೆಗೆ ಬರುವ ಕುತ್ತುಗಳಲ್ಲಿ ದೊಡ್ಡದು ನೆಟೆ ರೋಗ. ಮಣ್ಣಿನಲ್ಲಿರುವ ಶಿಲೀಂಧ್ರ ಬೇರಿನ ಮೂಲಕ ಹೊಕ್ಕು, ಹೂವು ಕಾಯಿ ಹಿಡಿದ ಗಿಡವನ್ನು ನಿಂತಲ್ಲೇ ಒಣಗಿಸುತ್ತದೆ. ಅಷ್ಟರಲ್ಲಿ ಖರ್ಚೆಲ್ಲ ಮುಗಿದಿರುತ್ತದೆ. 2022ರ ಹಂಗಾಮಿನಲ್ಲಿ ಕಲಬುರಗಿಯ ಸುತ್ತ ಲಕ್ಷಾಂತರ ಎಕರೆ ಹೀಗೆ ಒಣಗಿತು. ರೈತರು ಬೀದಿಗಿಳಿದ ಮೇಲೆ ರಾಜ್ಯ ಸರ್ಕಾರ ಹೆಕ್ಟೇರಿಗೆ 10,000 ರೂಪಾಯಿ ಪರಿಹಾರ ಸಾರಿತು. ಎಕರೆಗೆ ನಾಲ್ಕು ಸಾವಿರವಾಯಿತು. ನೆಟೆ ತಡೆಯುವ ತಳಿಗಳು ಇಲ್ಲವೆಂದಲ್ಲ. ‘ಮಾರುತಿ’ ಎಂಬ ತಳಿ 1980ರ ದಶಕದಲ್ಲೇ ಬಂತು, ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕಲಬುರಗಿ ಸಂಶೋಧನಾ ಕೇಂದ್ರ ಟಿಎಸ್-3ಆರ್ ಕೊಟ್ಟಿತು, ಆಮೇಲೆ ಜಿಆರ್‌ಜಿ ಸಾಲಿನ ತಳಿಗಳು ಬಂದವು. ಆದರೆ ರೋಗಾಣುವೂ ಬದಲಾಗುತ್ತದೆ, ಅದೇ ಹೊಲದಲ್ಲಿ ವರ್ಷ ವರ್ಷ ತೊಗರಿಯನ್ನೇ ಬಿತ್ತಿದರೆ ಮಣ್ಣಿನಲ್ಲಿ ರೋಗ ಹೆಚ್ಚುತ್ತದೆ. ಬೆಳೆ ಬದಲಿಸಿ ಎಂದು ಸಲಹೆ ಕೊಡುವುದು ಸುಲಭ. ಜೋಳಕ್ಕೋ ಸಜ್ಜೆಗೋ ಖಾತ್ರಿ ಮಾರುಕಟ್ಟೆ ಇಲ್ಲದಿದ್ದರೆ ಯಾವ ಧೈರ್ಯದ ಮೇಲೆ ಬದಲಿಸಬೇಕು?

ಇನ್ನು ಮಳೆ. 2025ರ ಸೆಪ್ಟೆಂಬರ್ ಕೊನೆಯಲ್ಲಿ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿ ಕಡೆಯ ಹೊಲಗಳಿಗೆ ನುಗ್ಗಿತು. ಎರೆ ಭೂಮಿಯಲ್ಲಿ ನೀರು ನಿಂತರೆ ತೊಗರಿಯ ಬೇರು ಕೊಳೆಯುತ್ತದೆ. ಬರ ಬಂದರೆ ಕಾಯಿ ಸೊರಗುತ್ತದೆ, ನೆರೆ ಬಂದರೆ ಗಿಡವೇ ಹೋಗುತ್ತದೆ. ಬೆಳೆ ವಿಮೆ ಇದೆಯಲ್ಲ ಎನ್ನುತ್ತೀರಿ. 2016ರಲ್ಲಿ ಬಂದ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರು ಬೆಳೆಗೆ ರೈತ ಕಟ್ಟುವುದು ವಿಮಾ ಮೊತ್ತದ ಶೇ 2 ಮಾತ್ರ, ಅದು ಒಳ್ಳೆಯದೇ. ತೊಡಕಿರುವುದು ನಷ್ಟ ಅಳೆಯುವ ರೀತಿಯಲ್ಲಿ. ಇಳುವರಿಯನ್ನು ಲೆಕ್ಕ ಹಾಕುವುದು ಗ್ರಾಮ ಪಂಚಾಯಿತಿ ಅಥವಾ ಹೋಬಳಿಯ ಮಟ್ಟದಲ್ಲಿ, ಆಯ್ದ ಕೆಲವು ಹೊಲಗಳ ಕೊಯ್ಲಿನ ಪ್ರಯೋಗದ ಮೇಲೆ. ಸುತ್ತಲಿನ ಸರಾಸರಿ ಚೆನ್ನಾಗಿದ್ದರೆ ನಿಮ್ಮ ಹೊಲ ಪೂರ್ತಿ ನೆಟೆ ಹೋಗಿದ್ದರೂ ಹಣ ಬರುವುದಿಲ್ಲ. ಆಲಿಕಲ್ಲು, ನೀರು ನಿಂತದ್ದು ಮುಂತಾದ ಸ್ಥಳೀಯ ನಷ್ಟವಾದರೆ 72 ಗಂಟೆಯೊಳಗೆ ತಿಳಿಸಬೇಕು. ಊರಿಗೆ ಊರೇ ನೀರಲ್ಲಿದ್ದಾಗ, ಕರೆಂಟು ಹೋಗಿ ಫೋನು ಸತ್ತಿರುವಾಗ, 72 ಗಂಟೆ ಯಾವ ಗಳಿಗೆಯಲ್ಲಿ ಕಳೆಯುತ್ತದೋ ತಿಳಿಯುವುದಿಲ್ಲ.

ಇಷ್ಟನ್ನೂ ದಾಟಿ ಫಸಲು ಕೈಗೆ ಬಂತೆನ್ನಿ. ಎಳ್ಳ ಅಮಾವಾಸ್ಯೆಗೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಭಜ್ಜಿ, ಸಜ್ಜಿ ರೊಟ್ಟಿ ಉಂಡು, ಚರಗ ಚೆಲ್ಲಿ ಬರುತ್ತಾರೆ. ಆ ಹಬ್ಬದ ಆಚೀಚೆ ಕೊಯ್ಲು, ರಾಶಿ. ತೊಗರಿ ಗಂಜ್‌ಗೆ, ಅಂದರೆ ಸಗಟು ಮಾರುಕಟ್ಟೆಗೆ, ಹೋಗುವುದೂ ಆಗಲೇ. ಎಲ್ಲರ ಮಾಲೂ ಒಂದೇ ತಿಂಗಳಲ್ಲಿ ಬಂದು ಬೀಳುತ್ತದೆ, ಧಾರಣೆ ಇಳಿಯುತ್ತದೆ. ಸ್ವಲ್ಪ ದಿನ ತಡೆದು ಮಾರಬಾರದೇ ಎಂದು ಪಟ್ಟಣದವರು ಕೇಳುವುದುಂಟು. ಬಿತ್ತನೆಗೆ, ಔಷಧಿಗೆ, ಮಗಳ ಮದುವೆಗೆ ಸಾಲ ಕೊಟ್ಟವರು ಅಡತಿ ಅಂಗಡಿಯವರು. ಮಾಲು ಅವರ ಅಂಗಡಿಗೇ ಹೋಗಬೇಕು. ಕೊಯ್ದವರ ಕೂಲಿ, ರಾಶಿ ಯಂತ್ರದ ಬಾಡಿಗೆ ಆಗಿಂದಾಗಲೇ ಕೊಡಬೇಕು. ಬ್ಯಾಂಕಿನ ಕಂತು ಮಾರ್ಚ್‌ಗೆ ಬಂದೇ ಬರುತ್ತದೆ. ಮನೆಯಲ್ಲಿ ಚೀಲ ಇಟ್ಟುಕೊಳ್ಳುವ ಜಾಗವೂ ಇಲ್ಲ. ಕರ್ನಾಟಕದಲ್ಲಿ ಸರಾಸರಿ ಹಿಡುವಳಿ 1.36 ಹೆಕ್ಟೇರ್ ಎನ್ನುತ್ತದೆ 2015–16ರ ಕೃಷಿ ಗಣತಿ. ಮೂರೂವರೆ ಎಕರೆಯೂ ಇಲ್ಲದವನಿಗೆ ತಡೆದು ಮಾರುವ ತ್ರಾಣ ಎಲ್ಲಿಂದ ಬರಬೇಕು?

ಇಂಥ ಹೊತ್ತಿಗೆಂದೇ ಬೆಂಬಲ ಬೆಲೆ ಇರುವುದು. 2025–26ಕ್ಕೆ ಕೇಂದ್ರ ಸರ್ಕಾರ ತೊಗರಿಗೆ ಕ್ವಿಂಟಲಿಗೆ 8,000 ರೂಪಾಯಿ ನಿಗದಿ ಮಾಡಿತು. ಒಂದು ಲೆಕ್ಕ ಹಾಕೋಣ. ಎಕರೆಗೆ ನಾಲ್ಕು ಕ್ವಿಂಟಲ್ ಬಂತು ಎಂದುಕೊಳ್ಳಿ. ಖರೀದಿ ಕೇಂದ್ರ ತೆರೆಯದೆ ರೈತ ಗಂಜ್‌ನಲ್ಲಿ 6,500ಕ್ಕೆ ಮಾರಿದ ಎನ್ನಿ. ಕ್ವಿಂಟಲಿಗೆ 1,500 ಹೋಯಿತು, ಎಕರೆಗೆ 6,000 ಹೋಯಿತು. ಪಿಎಂ ಕಿಸಾನ್ ಯೋಜನೆಯಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ ಬರುವುದು ಅದೇ 6,000 ರೂಪಾಯಿ. ಮೂರು ಕಂತಿನಲ್ಲಿ, ಮೊಬೈಲಿಗೆ ಸಂದೇಶದೊಂದಿಗೆ ಬರುವ ಹಣ ಒಂದೇ ಎಕರೆಯ ಧಾರಣೆ ಕುಸಿತದಲ್ಲಿ ಹೊರಟುಹೋಗುತ್ತದೆ. ಮೂರೆಕರೆ ಇದ್ದವನು ಸರ್ಕಾರದಿಂದ ಪಡೆದದ್ದರ ಮೂರು ಪಟ್ಟನ್ನು ಬೇಳೆ ತಿನ್ನುವ ನಮಗೆ ಬಿಟ್ಟುಕೊಟ್ಟ ಹಾಗಾಯಿತು. ಹಾಗಾದರೆ ಸಹಾಯಧನ ಯಾರು ಯಾರಿಗೆ ಕೊಡುತ್ತಿದ್ದಾರೆ?

ಖರೀದಿ ಕೇಂದ್ರಕ್ಕೆ ಹೋಗುವ ದಾರಿಯೂ ನೇರವಿಲ್ಲ. ರೈತರ ನೋಂದಣಿ ಸಂಖ್ಯೆಯಾದ ಫ್ರೂಟ್ಸ್ ಐಡಿ ಬೇಕು, ಬೆಳೆ ಸಮೀಕ್ಷೆಯಲ್ಲಿ ತೊಗರಿ ಎಂದು ದಾಖಲಾಗಿರಬೇಕು, ಹೆಸರು ನೋಂದಾಯಿಸಬೇಕು, ಕಾಳಿನ ತೇವಾಂಶ ಶೇ 12ರೊಳಗಿರಬೇಕು, ಒಬ್ಬರಿಂದ ಇಷ್ಟೇ ಕ್ವಿಂಟಲ್ ಎಂಬ ಮಿತಿಯೊಳಗಿರಬೇಕು. ಹಣ ಖಾತೆಗೆ ಬರುವುದು ಯಾವಾಗಲೋ. ಗುಣಮಟ್ಟ ನೋಡಲಿ, ದಾಖಲೆ ಕೇಳಲಿ, ಅದು ಬೇಕಾದದ್ದೇ. ರಾಶಿ ಮುಗಿಯುವ ಮೊದಲೇ ಕೇಂದ್ರ ತೆರೆದಿದ್ದರೆ ಈ ಯಾವುದೂ ದೊಡ್ಡ ಅಡ್ಡಿಯಾಗುವುದಿಲ್ಲ. ತಡವಾಗಿ ತೆರೆದರೆ ಅಲ್ಲಿಗೆ ಬರುವ ಮಾಲಿನಲ್ಲಿ ವ್ಯಾಪಾರಿಗಳು ಅಗ್ಗಕ್ಕೆ ಕೊಂಡಿಟ್ಟದ್ದೂ ಬೆರೆಯುತ್ತದೆ.

ಪಹಣಿ ಇಲ್ಲದವರದು ಇನ್ನೂ ಕಷ್ಟ. ಹೊಲವನ್ನು ಲಾವಣಿಗೋ ಪಾಲಿಗೋ ಹಿಡಿದು ಮಾಡುವವರು ಊರೂರಲ್ಲೂ ಇದ್ದಾರೆ. 1974ರ ತಿದ್ದುಪಡಿಯ ನಂತರ ನಮ್ಮ ಭೂಸುಧಾರಣೆ ಕಾಯ್ದೆ ಗೇಣಿಯನ್ನು ನಿಷೇಧಿಸಿತು. ಲಕ್ಷಾಂತರ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿದ ಆ ಕಾಯ್ದೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಇವತ್ತು ಲಾವಣಿ ಬಾಯಿಮಾತಿನಲ್ಲೇ ನಡೆಯುತ್ತದೆ. ಬಿತ್ತುವವನ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ. ಬೆಳೆ ಹೋದರೆ ಪರಿಹಾರ, ವಿಮೆ, ಪಿಎಂ ಕಿಸಾನ್ ಎಲ್ಲವೂ ಬಹುಮಟ್ಟಿಗೆ ಸಲ್ಲುವುದು ಪಹಣಿಯಲ್ಲಿ ಹೆಸರಿರುವವರಿಗೆ, ಅವರು ಪಟ್ಟಣದಲ್ಲಿ ನೌಕರಿ ಮಾಡುತ್ತಿದ್ದರೂ ಸರಿ. ಸಾಲ ಮಾತ್ರ ಬಿತ್ತಿದವನದು. ಹೊಲದ ಕೆಲಸದಲ್ಲಿ ದೊಡ್ಡ ಪಾಲು ಹೊರುವ ಹೆಂಗಸರ ಸ್ಥಿತಿಯೂ ಹೀಗೆಯೇ. ಗಂಡ ತೀರಿಕೊಂಡ ಮೇಲೆ ಪಹಣಿಯಲ್ಲಿ ಹೆಸರು ಬದಲಾಗುವವರೆಗೆ ಆಕೆ ಸರ್ಕಾರದ ಲೆಕ್ಕದಲ್ಲಿ ರೈತಳೇ ಅಲ್ಲ.

ಸಾಲ, ನಷ್ಟಗಳ ಈ ಹೊರೆ ಎಲ್ಲಿಗೆ ಒಯ್ಯಬಲ್ಲದು ಎಂಬುದಕ್ಕೆ ಒಂದು ಲೆಕ್ಕವಿದೆ. ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ವರದಿಯಂತೆ 2022ರಲ್ಲಿ ದೇಶದಲ್ಲಿ ಕೃಷಿಯನ್ನು ನಂಬಿದ 11,290 ಜನ ಆತ್ಮಹತ್ಯೆ ಮಾಡಿಕೊಂಡರು. ಅವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಕೃಷಿ ಕೂಲಿಗಳು. ಆ ವರ್ಷ ಮಹಾರಾಷ್ಟ್ರದ ನಂತರದ ಸ್ಥಾನ ಕರ್ನಾಟಕದ್ದು.

ಆಮದಿನ ವಿಷಯಕ್ಕೆ ಮರಳಬೇಕು, ಧಾರಣೆ ಕುಸಿತದ ಬೇರು ಬಹುಮಟ್ಟಿಗೆ ಅಲ್ಲಿದೆ. ಬೇಳೆ ಕೊರತೆಯಾದ ವರ್ಷ ಹೊರಗಿನಿಂದ ತರುವುದು ಅನಿವಾರ್ಯ. 2016ರಲ್ಲಿ ಮೊಜಾಂಬಿಕ್ ದೇಶದ ಜೊತೆ ಐದು ವರ್ಷದ ಒಪ್ಪಂದವಾಯಿತು, 2021ರಲ್ಲಿ ಅದು ಮುಂದುವರಿಯಿತು. ಮಲಾವಿ, ಮ್ಯಾನ್ಮಾರ್‌ಗಳೊಂದಿಗೂ ಒಪ್ಪಂದಗಳಾದವು. ನಾವು ಅಲ್ಲಿಯ ರೈತರಿಗೆ ಐದು ವರ್ಷದ ಖಾತ್ರಿ ಕೊಟ್ಟೆವು, ಅದು ತಪ್ಪೆಂದು ಹೇಳುವುದಿಲ್ಲ. ಅಂಥ ಖಾತ್ರಿ ಆಳಂದದ ರೈತನಿಗೂ ಬೇಡವೇ? 2021ರ ಮೇನಲ್ಲಿ ತೊಗರಿಯ ಆಮದು ಮುಕ್ತವಾಯಿತು. ಆಮೇಲೆ ಆ ಸೌಲಭ್ಯ ಮತ್ತೆ ಮತ್ತೆ ವಿಸ್ತರಣೆಯಾಗುತ್ತ ಬಂತು. 2024–25ರಲ್ಲಿ ಸುಮಾರು 12 ಲಕ್ಷ ಟನ್ ತೊಗರಿ ಹೊರಗಿನಿಂದ ಬಂತು. ಆ ಹಂಗಾಮಿನಲ್ಲೂ ಧಾರಣೆ ಬೆಂಬಲ ಬೆಲೆಗಿಂತ ಕೆಳಗೆ ಇಳಿಯಿತು. ರಾಜ್ಯ ಸರ್ಕಾರ ಕೇಂದ್ರದ 7,550ರ ಮೇಲೆ 450 ರೂಪಾಯಿ ಸೇರಿಸಿ ಕೊಳ್ಳಬೇಕಾಯಿತು. ಇದಕ್ಕೂ ಮೊದಲು, 2023ರ ಜೂನ್‌ನಲ್ಲಿ ಬೆಲೆ ಏರತೊಡಗಿದಾಗ ದಾಸ್ತಾನು ಮಿತಿಯ ಆದೇಶ ಸರಕ್ಕನೆ ಹೊರಬಿದ್ದಿತ್ತು. 2015ರ ಪಾಠ ಎಂಟು ವರ್ಷದ ಮೇಲೂ ಒಂದು ಕಡೆಯಿಂದ ಮಾತ್ರ ನೆನಪಿದೆ.

ಬೇಳೆ ಬಡವರಿಗೆ ಅಗ್ಗವಾಗಿ ಸಿಗಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಕೂಲಿ ಮಾಡುವ ರೈತರೇ ವರ್ಷದ ಹೆಚ್ಚು ತಿಂಗಳು ಬೇಳೆ ಕೊಂಡು ತಿನ್ನುತ್ತಾರೆ. ಆದರೆ ಆ ಅಗ್ಗದ ಖರ್ಚನ್ನು ಹೊರಬೇಕಾದದ್ದು ಖಜಾನೆ, ಎಲ್ಲರ ತೆರಿಗೆಯಿಂದ. ಬೆಳೆದವನ ಧಾರಣೆ ಮುರಿದು ಹೊರಿಸುವುದು ಅನ್ಯಾಯ. ಅದಕ್ಕೆ ದಾರಿಗಳೂ ಇವೆ. ತೊಗರಿ, ಉದ್ದು, ಮಸೂರವನ್ನು ನಾಲ್ಕು ವರ್ಷ ರೈತರು ತಂದಷ್ಟೂ ಕೊಳ್ಳುವುದಾಗಿ 2025–26ರ ಬಜೆಟ್‌ನಲ್ಲಿ ಕೇಂದ್ರ ಮಾತು ಕೊಟ್ಟಿದೆ. ಪಡಿತರದಲ್ಲಿ ಹೆಚ್ಚುವರಿ ಅಕ್ಕಿಯ ಬದಲು ಬೇಳೆ, ಎಣ್ಣೆಗಳ ಕಿಟ್ ಕೊಡಲು ರಾಜ್ಯ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿದೆ. ಇವೆರಡನ್ನೂ ಬೆಸೆದರೆ ಕೆಲಸ ಅರ್ಧ ಆದಂತೆ. ಕಲಬುರಗಿ, ಬೀದರ್, ಯಾದಗಿರಿ, ವಿಜಯಪುರದ ರೈತರಿಂದ ಬೆಂಬಲ ಬೆಲೆಗೆ ಕೊಂಡ ತೊಗರಿ ಅಲ್ಲಿಯ ಬೇಳೆ ಮಿಲ್ಲುಗಳಲ್ಲೇ ಬೇಳೆಯಾಗಿ ನ್ಯಾಯಬೆಲೆ ಅಂಗಡಿಗೆ, ಶಾಲೆಯ ಬಿಸಿಯೂಟಕ್ಕೆ, ಅಂಗನವಾಡಿಗೆ, ಹಾಸ್ಟೆಲ್ಲುಗಳಿಗೆ ಹೋಗಲಿ. ಮಕ್ಕಳಿಗೆ ಒಳ್ಳೆಯ ಬೇಳೆ ಸಿಗುತ್ತದೆ, ಮಿಲ್ಲುಗಳಿಗೆ ಕೆಲಸ ಸಿಗುತ್ತದೆ, ರೈತನಿಗೆ ಒಂದು ಖಾತ್ರಿ ಗಿರಾಕಿ ಸಿಗುತ್ತದೆ. ಕಲಬುರಗಿಯಲ್ಲಿ ಎರಡು ದಶಕದಿಂದ ಇರುವ ತೊಗರಿ ಅಭಿವೃದ್ಧಿ ಮಂಡಳಿಗೆ ಹಣವನ್ನೂ ಅಧಿಕಾರವನ್ನೂ ಕೊಟ್ಟರೆ ಈ ಹೊಣೆ ಹೊರಬಲ್ಲದು.

ಆಮದು ಸುಂಕವನ್ನು ಬೆಂಬಲ ಬೆಲೆಗೆ ಕಟ್ಟಿಹಾಕಬೇಕು. ಹಡಗಿನಿಂದ ಇಳಿದ ತೊಗರಿ ಇಲ್ಲಿಯ ಬೆಂಬಲ ಬೆಲೆಗಿಂತ ಅಗ್ಗವಾಗುವಂತಿದ್ದರೆ ಸುಂಕ ತಾನಾಗಿ ಏರಬೇಕು, ಕೊರತೆಯಾದಾಗ ತಾನಾಗಿ ಇಳಿಯಬೇಕು. ಈ ಸೂತ್ರವನ್ನು ಬಿತ್ತನೆಗೆ ಮೊದಲೇ ಸಾರಬೇಕು, ಏನು ಬಿತ್ತಬೇಕೆಂದು ರೈತ ತೀರ್ಮಾನಿಸುವುದು ಆಗಲೇ. ಲಾವಣಿದಾರರ ಬೆಳೆಯನ್ನು ಗ್ರಾಮ ಪಂಚಾಯಿತಿಯ ದೃಢೀಕರಣದ ಮೇಲೆ ವಿಮೆಗೂ ಖರೀದಿಗೂ ಒಪ್ಪಿಕೊಳ್ಳಬಹುದು, ಅದರಿಂದ ಒಡೆಯನ ಹಕ್ಕಿಗೆ ಕುಂದಿಲ್ಲ ಎಂದು ಕಾಯ್ದೆಯಲ್ಲೇ ಬರೆದು.

ಇದೆಲ್ಲಕ್ಕೆ ಕಾಲ ಹಿಡಿಯಬಹುದು. ಕಾಲ ಹಿಡಿಯದ ಕೆಲಸವೂ ಒಂದಿದೆ. ತೊಗರಿ ರಾಶಿ ಶುರುವಾಗುವುದು ಪ್ರತಿ ವರ್ಷವೂ ಡಿಸೆಂಬರ್ ತಿಂಗಳಲ್ಲೇ. ಅದು ಸರ್ಕಾರಕ್ಕೂ ಗೊತ್ತು, ಗಂಜ್‌ನ ಹಮಾಲರಿಗೂ ಗೊತ್ತು. ನೋಂದಣಿ ನವೆಂಬರ್‌ನಲ್ಲಿ ಮುಗಿದಿರಬೇಕು, ಗೋಣಿಚೀಲ ಮೊದಲೇ ಬಂದಿರಬೇಕು, ಡಿಸೆಂಬರ್ ಮೊದಲ ವಾರಕ್ಕೆ ಕೇಂದ್ರಗಳ ಬಾಗಿಲು ತೆರೆದಿರಬೇಕು, ತೂಕವಾದ ವಾರದೊಳಗೆ ಹಣ ರೈತರ ಖಾತೆಗೆ ಬೀಳಬೇಕು. ಇದಕ್ಕೆ ಹೊಸ ಕಾಯ್ದೆ ಬೇಡ, ಹೊಸ ಆಯೋಗ ಬೇಡ. ಕಲ್ಯಾಣ ಕರ್ನಾಟಕದ ಶಾಸಕರು, ಸಂಸದರು ಪಕ್ಷ ಮರೆತು ಈ ಒಂದು ತಾರೀಖಿಗಾಗಿ ಪಟ್ಟು ಹಿಡಿಯಲಿ. ಬೇಳೆ ತುಟ್ಟಿಯಾದಾಗ ದನಿ ಎತ್ತುವ ನಾವು ಪಟ್ಟಣದವರೂ ಆ ತಿಂಗಳು ಅವರ ಜೊತೆ ದನಿ ಸೇರಿಸೋಣ.